ಮೆಟ್ಟಿಲಿಲ್ಲದ ಮನೆ

ಬಳೆ ಇರಬೇಕಾದ ಕಡೆ ಅವರ ಎಡಗೈಯಲ್ಲಿ ರಬ್ಬರ್ ಬ್ಯಾಂಡುಗಳಿದ್ದವು. ಕಚೇರಿಯ ದಪ್ಪ ಫೈಲುಗಳಿಗೆ ಹಾಕುತ್ತಾರಲ್ಲ, ಆ ಕಂದು ಬಣ್ಣದ ಅಗಲ ಬ್ಯಾಂಡುಗಳು. ಬೆಳಿಗ್ಗೆ ಕೋರ್ಟಿನಲ್ಲಿ ಒಂದೊಂದು ಫೈಲು ಬಿಚ್ಚಿದಾಗಲೂ ಅದರ ಬ್ಯಾಂಡು ಮಣಿಕಟ್ಟಿಗೆ ಏರುತ್ತಿತ್ತು. ಆ ಕೇಸಿನ ಅಂದಿನ ಕೆಲಸ ಮುಗಿದ ಮೇಲೆ ಇಳಿದು ಫೈಲಿಗೆ ಮರಳುತ್ತಿತ್ತು. ಹನ್ನೊಂದರ ಹೊತ್ತಿಗೆ ಎಂಟೋ ಹತ್ತೋ ಬ್ಯಾಂಡುಗಳಾಗಿ, ಆ ಬಿಳಿ ಚರ್ಮದ ಮೇಲೆ ಕೆಂಪು ಗೆರೆಗಳು ಮೂಡಿರುತ್ತಿದ್ದವು. ಮೊದಲ ಸಲ ನೋಡಿದಾಗ ನನ್ನ ತಂಗಿ ಕಿವಿಯ ಹತ್ತಿರ ಬಂದು, "ಬಳಿ ಇಟ್ಕೊಂಡಂಗ ಐತಿ ನೋಡಣ್ಣಾ" ಅಂದಳು. ಅವಳ ಕೈಯಲ್ಲಿ ಆಗ ಒಂದೂ ಬಳೆ ಇರಲಿಲ್ಲ. ಹಿಂದಿನ ವಾರ ಎಲ್ಲ ಒಡೆದುಹೋಗಿದ್ದವು.

ಅವರು ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ವಕೀಲರಲ್ಲಿ ಒಬ್ಬರು. ಡಿಸ್ಟ್ರಿಕ್ಟ್ ಅಟಾರ್ನಿ ಎಂಬ ಹುದ್ದೆಗೆ ಇಲ್ಲಿ ಚುನಾವಣೆಯೇ ನಡೆಯುತ್ತದೆ. ಗೆದ್ದವರ ಫೋಟೊ ಕಚೇರಿಯ ಗೋಡೆಯ ಮೇಲೆ ನಗುತ್ತಿರುತ್ತದೆ. ಕೋರ್ಟಿನಿಂದ ಕೋರ್ಟಿಗೆ ಫೈಲು ಹೊತ್ತು ಓಡಾಡುವವರು ಅವರ ಕೈಕೆಳಗಿನ ಡೆಪ್ಯುಟಿಗಳು. ನಮ್ಮವರು ಅಂಥ ಡೆಪ್ಯುಟಿ. ಐವತ್ತು ದಾಟಿದ ಹೆಂಗಸು, ಸಣಕಲು ಮೈ, ಗಂಡಸಿನಂತೆ ಕತ್ತರಿಸಿದ ಬಿಳಿ ಕೂದಲು. ವಕೀಲಿ ಓದುವ ಮೊದಲು ಹಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದರಂತೆ. ಅದು ತಿಳಿದ ದಿನದಿಂದ ತಂಗಿ ಅವರನ್ನು ಅಕ್ಕೋರು ಅನ್ನತೊಡಗಿದಳು, ನಮ್ಮ ಧಾರವಾಡದಲ್ಲಿ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ. ನನಗೂ ಆ ಹೆಸರೇ ಉಳಿಯಿತು.

ಅಕ್ಕೋರನ್ನು ನಾನು ಕಂಡದ್ದು ಒಟ್ಟು ಐದಾರು ಸಲ. ವರ್ಷಗಟ್ಟಲೆ ಅವರನ್ನು ದ್ವೇಷಿಸಿದೆ. ಆ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಡು ಸಾವಿರದ ಮೂರರ ಮಾತು. ನಾನು ಸ್ಯಾನ್ ಡಿಯಾಗೊದಲ್ಲಿ ಟೆಲಿಕಾಂ ಎಂಜಿನಿಯರ್; ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಎರಡು ವರ್ಷವಾಗಿತ್ತು. ತಂಗಿ ಮದುವೆಯಾಗಿ ಬಂದು ಲಾಸ್ ಏಂಜಲೀಸ್ ಕೌಂಟಿಯ ಆರ್ಟೀಸಿಯಾದ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಗಂಡನ ಜೊತೆ ಇದ್ದಳು. ಅವನೂ ನಮ್ಮ ಕಡೆಯವನೇ, ಸಾಫ್ಟ್‌ವೇರಿನವನು, ಹಬ್ಬಕ್ಕೆ ಬಂದರೆ ನನ್ನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುವವನು. ಒಂದು ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ಗೋಡೆಯಾಚೆ ಕೂಗಾಟ ಕೇಳಿ ಪೊಲೀಸರಿಗೆ ಫೋನ್ ಮಾಡಿದಳು. ಪೊಲೀಸರು ಬಂದಾಗ ತಂಗಿ ಅಡುಗೆಮನೆಯ ನೆಲದ ಮೇಲೆ ಬಳೆಚೂರು ಆರಿಸುತ್ತಿದ್ದಳಂತೆ, ಒಂದು ಕಣ್ಣು ಮುಚ್ಚಿಹೋಗಿತ್ತು. ಗಂಡನನ್ನು ಕೈಕೋಳ ಹಾಕಿ ಕರೆದೊಯ್ದರು.

ಅಜ್ಜಿಗಿಂತ ಮೊದಲು ತಂಗಿ ಫೋನ್ ಮಾಡಿದ್ದು ನನಗೆ. ನಾನು ಮಗನ ಸಾಕರ್ ಆಟ ನೋಡುತ್ತಿದ್ದೆ, ಎತ್ತಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ ಎಂಬ ಅವಳ ಮಾತು ಪೊಲೀಸರ ವರದಿಯಲ್ಲಿ ಹಾಗೆಯೇ ಇಂಗ್ಲಿಷಿನಲ್ಲಿ ದಾಖಲಾಗಿ, ಅಕ್ಕೋರು ಎರಡು ದಿನ ಆನ್ನಾ ಎಂಬ ಹೆಂಗಸನ್ನು ಹುಡುಕಿದರಂತೆ. ಗೊತ್ತಾದ ಮೇಲೂ ನನ್ನನ್ನು ಹಾಗೆಯೇ ಕರೆದರು. ಕೇಸಿನ ತುಂಬ ನಾನು ಅವರಿಗೆ ಅಣ್ಣ.

ಮುಂದಿನದನ್ನು ನಾವು ನಮ್ಮ ಪದ್ಧತಿಯ ಪ್ರಕಾರ ಮಾಡಿದೆವು. ನಮ್ಮಲ್ಲಿ ಗಂಡ ಹೆಂಡಿರ ಜಗಳ ಸ್ಟೇಷನ್ ಮೆಟ್ಟಿಲು ಹತ್ತಿದರೆ ಹಿರಿಯರು ಕೂಡುತ್ತಾರೆ, ಇಬ್ಬರಿಗೂ ಬುದ್ಧಿ ಹೇಳುತ್ತಾರೆ, ರಾಜಿಯ ಕಾಗದವಾಗುತ್ತದೆ. ಕಾಗದ ಕೈಗೆ ಬಂದರೆ ಸಾಹೇಬರು ಕೇಸು ಮುಚ್ಚುತ್ತಾರೆ. ಅವ್ವ ದಿನಕ್ಕೆ ಮೂರು ಸಲ ಫೋನ್ ಮಾಡಿದಳು. "ಹೆಂಗರ ಮಾಡಿ ಮುಗಸಪಾ. ಆಕಿ ಬಾಳೇವು ಹಾಳಾಗ್ತೈತಿ" ಎಂಬ ಒಂದೇ ಮಾತು. ಕೇಸ್ ಸಾಬೀತಾದರೆ ಅವನ ವೀಸಾ ಹೋಗುತ್ತದೆ, ಅವನದು ಹೋದರೆ ಅವಳದೂ ಹೋಗುತ್ತದೆ. ಈ ಲೆಕ್ಕ ಅವ್ವನಿಗೆ ಹೇಳಿಕೊಟ್ಟವನು ನಾನೇ.

ಎಂಬತ್ತರ ದಶಕದಲ್ಲೇ ಬಂದು ನೆಲೆನಿಂತ ಬೆಂಗಳೂರಿನ ಅಂಕಲ್ ಒಬ್ಬರಿದ್ದರು. ಕನ್ನಡದವರ ಮನೆಗಳಲ್ಲಿ ಏನೇ ತಕರಾರಾದರೂ ನಡುವೆ ಕೂರುವವರು. ಅವರ ಮನೆಯಲ್ಲಿ ಭಾನುವಾರ ಎಲ್ಲರೂ ಕೂಡಿದೆವು. ಜಾಮೀನಿನ ಮೇಲೆ ಬಂದಿದ್ದ ಗಂಡ ತಲೆ ತಗ್ಗಿಸಿ ಕೂತಿದ್ದ. ತಂಗಿಯ ಹತ್ತಿರ ಹೋಗಬಾರದೆಂಬ ಕೋರ್ಟಿನ ಆದೇಶವಿದ್ದರೂ ನಾವೇ ಕರೆಸಿದ್ದೆವು. ಅವನು ಅತ್ತ. ಅಂಕಲ್ ಅವನ ಬೆನ್ನು ತಟ್ಟಿದರು. ಆಂಟಿ ಬಿಸಿಬೇಳೆಭಾತ್ ಬಡಿಸಿದರು. ತಂಗಿ ತಟ್ಟೆ ಮುಟ್ಟಲಿಲ್ಲ, ಅದನ್ನು ಯಾರೂ ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಊಟವಾದ ಮೇಲೆ ಅಂಕಲ್ ನನ್ನ ಕಡೆ ತಿರುಗಿ, "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಸಾರ್. ಒಂದು ಲೆಟರ್ ಬರೆದುಬಿಡಿ, ಅವರೇ ಡ್ರಾಪ್ ಮಾಡ್ತಾರೆ" ಅಂದರು.

ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ, ಅರ್ಧ ಗಂಟೆಯಲ್ಲಿ. ನನ್ನ ಗಂಡ ನನ್ನ ಮೇಲೆ ಕೈಮಾಡಿಲ್ಲ. ನಾನು ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದೆ. ಗಾಬರಿಯಲ್ಲಿ ಪೊಲೀಸರಿಗೆ ತಪ್ಪು ಹೇಳಿದೆ. ಬರೆಯುವಾಗ ಒಂದು ಬಗೆಯ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ವಾಕ್ಯಗಳು ನೀಟಾಗಿ ಕೂತಿದ್ದವು. ತಂಗಿ ಓದಿದಳು, ನನ್ನ ಮುಖ ನೋಡಿದಳು, ಸಹಿ ಹಾಕಿದಳು. ಏನಾದರೂ ಹೇಳುವುದಿದೆಯೇ ಎಂದು ನಾನು ಕೇಳಲಿಲ್ಲ.

ಮಂಗಳವಾರ ರಜೆ ಹಾಕಿ ಎರಡು ಗಂಟೆ ಡ್ರೈವ್ ಮಾಡಿ ಅಕ್ಕೋರ ಮುಂದೆ ಹೋಗಿ ನಿಂತೆ. ಊಟದ ಬಿಡುವು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅವರ ಮಧ್ಯಾಹ್ನದ ಊಟ ಯಾವಾಗಲೂ ಒಂದು ಕಿತ್ತಳೆ, ಒಂದು ಹಿಡಿ ಬಾದಾಮಿ. ಸಿಪ್ಪೆಯನ್ನು ಒಂದೇ ತುಂಡಾಗಿ ಸುಲಿದು ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕುತ್ತಿದ್ದರು, ಕೋರ್ಟಿನ ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಯಾಕೆಂದು ಕೊನೆಗೂ ಕೇಳಲಾಗಲಿಲ್ಲ. ಕೈ ಒರೆಸಿಕೊಂಡು ಕಾಗದ ಓದಿದರು. ಮತ್ತೊಮ್ಮೆ ಓದಿದರು.

ನಮ್ಮ ತಂಗಿ ದೂರು ವಾಪಸ್ ತೆಗೆದುಕೊಳ್ಳುತ್ತಿದ್ದಾಳೆ, ಇನ್ನು ಕೇಸ್ ಮುಗಿದಂತೆ ಅಲ್ಲವೇ ಅಂದೆ. ಅವರು ಫೈಲಿನ ಮೇಲಿನ ಹೆಸರನ್ನು ಬೆರಳಿಟ್ಟು ತೋರಿಸಿದರು. ಕ್ಯಾಲಿಫೋರ್ನಿಯಾದ ಜನರು ಒಂದು ಕಡೆ, ನಮ್ಮ ಮನೆಯ ಅಳಿಯ ಇನ್ನೊಂದು ಕಡೆ. ತಂಗಿಯ ಹೆಸರೇ ಇರಲಿಲ್ಲ.

"ಇದು ಅವಳ ಕೇಸ್ ಅಲ್ಲ, ವಾಪಸ್ ತೆಗೆದುಕೊಳ್ಳೋಕೆ. ನಾನು ಅವಳ ವಕೀಲೆಯೂ ಅಲ್ಲ. ನಡೆಸಬೇಕೋ ಬಿಡಬೇಕೋ ಅನ್ನೋದನ್ನ ಜನರ ಪರವಾಗಿ ನಾನು ತೀರ್ಮಾನಿಸಬೇಕು" ಅಂದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು: "ಅಣ್ಣ, ನಿಮ್ಮ ತಂಗಿಯ ಮನೆ ನೆಲಮಹಡಿಯದು. ಈ ಮೆಟ್ಟಿಲು ಎಲ್ಲಿಂದ ಬಂತು?"

ಅವರು ಆ ಮನೆಗೆ ಹೋಗಿ ನೋಡಿದ್ದರು. ಫೈಲಿನಲ್ಲಿ ಫೋಟೊ ಇದ್ದರೂ ಪ್ರತಿ ಮನೆಗೂ ಒಮ್ಮೆ ತಾವೇ ಹೋಗಿ ಬಾಗಿಲಲ್ಲಿ ನಿಂತು ಬರುವುದು ಅವರ ರೂಢಿಯಂತೆ. ನಾನೂ ಎಷ್ಟೋ ಸಲ ಹೋಗಿದ್ದೆ, ಉಂಡಿದ್ದೆ, ಮಲಗಿದ್ದೆ. ಆದರೂ ಬರೆಯುವಾಗ ಬಿದ್ದವರು ಬೀಳುವುದು ಮೆಟ್ಟಿಲಿನಿಂದ ಎಂದೇ ಬೆರಳು ಓಡಿತ್ತು. ಮೆಟ್ಟಿಲಿದ್ದದ್ದು ಸ್ಯಾನ್ ಡಿಯಾಗೊದ ನನ್ನ ಮನೆಗೆ. ಹಾಗಾದರೆ ಕಾಗದ ವಾಪಸ್ ಕೊಡಿ ಎಂದು ಕೈಚಾಚಿದೆ. ಅವರು ಕೊಡಲಿಲ್ಲ.

ಆರೋಪಿಗೆ ಅನುಕೂಲವಾಗುವಂಥದ್ದು ಏನೇ ತಮ್ಮ ಕೈಗೆ ಬಂದರೂ ಅದನ್ನು ಅವನ ವಕೀಲರಿಗೆ ಕೊಡಲೇಬೇಕು, ಅದು ತಮ್ಮ ಕೆಲಸದ ಮೊದಲ ಪಾಠ ಅಂದರು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರಂತೆ ನಿಧಾನವಾಗಿ ಹೇಳಿದರು. ನಾನು ಆ ದಿನ ಮನಸ್ಸಿನಲ್ಲಿ ನಕ್ಕೆ. ಕೊಡಲಿ, ನಮಗೂ ಬೇಕಾದದ್ದು ಅದೇ ಅಂದುಕೊಂಡೆ. ಅಕ್ಕೋರು ಅದಕ್ಕೂ ಮೊದಲು ಅವನಿಗೊಂದು ದಾರಿ ತೋರಿಸಿದ್ದರು: ತಪ್ಪು ಒಪ್ಪಿಕೊಳ್ಳಲಿ, ಒಂದು ವರ್ಷ ವಾರಕ್ಕೊಮ್ಮೆ ಹೆಂಡತಿಯನ್ನು ಹೊಡೆಯುವವರ ಕ್ಲಾಸಿಗೆ ಹೋಗಲಿ, ಜೈಲು ಬೇಡ. ಕಾಗದದ ನಕಲು ಕೈಗೆ ಬಂದ ಮೇಲೆ ಅವನ ವಕೀಲರು ಆ ಮಾತನ್ನು ತಳ್ಳಿಹಾಕಿದರು. ವಿಚಾರಣೆಗೆ ದಿನ ಗೊತ್ತಾಯಿತು. ಅವನು ಕೋರ್ಟಿನ ಆದೇಶ ಗಾಳಿಗೆ ತೂರಿ ಮನೆಗೆ ಮರಳಿದ. ನಾವೇ ಹೋಗಿ ಬಿಟ್ಟು ಬಂದೆವು, ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಒಂದು ಕಿಲೋ ಮೈಸೂರು ಪಾಕು ಕಟ್ಟಿಸಿಕೊಂಡು.

ಎರಡು ತಿಂಗಳಿಗೆ ಅವಳ ಬಲ ಮಣಿಕಟ್ಟು ಮುರಿಯಿತು. ಈ ಸಲ ಅವನು ಟಿವಿಯ ದನಿ ಹೆಚ್ಚಿಸಿದ್ದ, ಅಜ್ಜಿಗೆ ಕೇಳಲಿಲ್ಲ. ತಂಗಿ ನನಗೆ ಫೋನ್ ಮಾಡಲಿಲ್ಲ. ಅವಲಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ ಅಕ್ಕೋರ ಕಾರ್ಡು ತೆಗೆದು ಅವರಿಗೆ ಮಾಡಿದಳು. ಅಂದೇ ಸಂಜೆ ಅವಳನ್ನು ಹೆಂಗಸರ ಆಶ್ರಯಧಾಮಕ್ಕೆ ಸೇರಿಸಿದರು. ನನಗೆ ವಿಷಯ ತಿಳಿದದ್ದು ನಾಲ್ಕನೆಯ ದಿನ. ಅದೂ ಅಂಕಲ್ ಬಾಯಿಂದ.

ಮಣಿಕಟ್ಟಿನ ಮಾತೂ ಅದೇ ಕೇಸಿಗೆ ಸೇರಿತು. ಈಗ ತಂಗಿ ಕಟಕಟೆಯಲ್ಲಿ ನಡೆದದ್ದನ್ನು ಹೇಳಲು ಸಿದ್ಧಳಿದ್ದಳು. ಅಜ್ಜಿ ಕೇಳಿದ್ದು ಕೂಗಾಟ, ಪೊಲೀಸರು ಕಂಡದ್ದು ಗಾಯ; ಹೊಡೆದವನು ಅವನೇ ಎನ್ನಲು ಅವಳ ಮಾತು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಆ ಮಾತಿಗೆ ಅಡ್ಡ ಮಲಗಿದ್ದದ್ದು ನನ್ನ ಕಾಗದ. ಅಂದು ಸುಳ್ಳು ಹೇಳಿದಿರೋ ಇಂದು ಹೇಳುತ್ತಿದ್ದೀರೋ ಎಂದು ಅವನ ವಕೀಲರು ಕೇಳಿದರೆ ಮುಗಿಯಿತು. ನಾನು ಮತ್ತೆ ರಜೆ ಹಾಕಿ ಹೋದೆ. ಅಕ್ಕೋರ ಮುಂದೆ ಅಕ್ಷರಶಃ ಕೈಮುಗಿದೆ. ಅವನ ವಕೀಲರ ಹತ್ತಿರ ಇರುವುದು ಬರೀ ನಕಲು, ಸಹಿಯಿರುವ ಮೂಲ ಕಾಗದ ಕಳೆದುಹೋಯಿತು ಅನ್ನಿ, ನಿಮ್ಮ ಕಕ್ಷಿಯ ಒಳ್ಳೆಯದಕ್ಕಲ್ಲವೇ ಅಂದೆ.

ನನಗೆ ಕಕ್ಷಿಯಿಲ್ಲ ಅಂದರು. ಗೆಲ್ಲುವುದಕ್ಕೆ ತಮಗೆ ಸಂಬಳ ಕೊಡುವುದಿಲ್ಲ, ಇಂದು ಇವನಿಗೆ ಅಡಗಿಸಿಟ್ಟರೆ ನಾಳೆ ನಿಜವಾಗಿ ತಪ್ಪು ಮಾಡದವನಿಗೂ ಅಡಗಿಸಿಡುತ್ತೇನೆ ಅಂದರು. ಮಣಿಕಟ್ಟು ಮುರಿದ ಹುಡುಗಿಯ ಕೇಸು ಕೈಯಲ್ಲಿಟ್ಟುಕೊಂಡು ಇಂಥ ಮಾತು ಹೇಳುವವಳ ಎದೆಯಲ್ಲಿ ಏನಿದೆ ಎಂದು ನನಗೆ ಮೈಯೆಲ್ಲ ಉರಿಯಿತು. ಆ ಉರಿ ನನಗೆ ಅನುಕೂಲವಾಯಿತು ಎಂಬುದು ಈಗ ಗೊತ್ತು. ಅವರ ಮೇಲೆ ಸಿಟ್ಟು ಮಾಡಿಕೊಂಡಿರುವಷ್ಟು ಹೊತ್ತು ಕಾಗದ ಬರೆದವನು ಯಾರೆಂದು ನೆನೆಯಬೇಕಿರಲಿಲ್ಲ.

ಅವರು ಮರೆಯಲಿಲ್ಲ. ಬಾಗಿಲು ಹಾಕಿಸಿ, ತನಿಖಾಧಿಕಾರಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಹೇಳಿದರು: "ಅಣ್ಣ, ಈಗ ಒಂದು ಮಾತು. ಆ ಕಾಗದದ ಬಗ್ಗೆ ನೀವು ನನ್ನ ಹತ್ತಿರ ಮಾತಾಡಲೇಬೇಕು ಅಂತಿಲ್ಲ. ಸಾಕ್ಷಿಯ ಕೈಲಿ ಸುಳ್ಳು ಬರೆಸೋದು ಇಲ್ಲಿ ಅಪರಾಧ. ಮೊದಲು ನಿಮ್ಮದೇ ಒಬ್ಬ ವಕೀಲರನ್ನ ನೋಡಿ. ಆಮೇಲೆ ನಿಮ್ಮನ್ನ ಕಟಕಟೆಗೆ ಕರೀತೀನಿ. ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ. ಕೇಳ್ತೀನಿ ಅಷ್ಟೆ."

ನಿಜ ಹೇಳಿದರೆ ನನಗೇನೂ ಆಗುವುದಿಲ್ಲವೆಂದು ಮಾತು ಕೊಡುತ್ತೀರಾ ಎಂದು ಕೇಳಿದೆ. ಇಲ್ಲ ಅಂದರು. ಹಾಗೆ ಮಾತು ಕೊಡುವುದು ತಮ್ಮ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಿ ಕೊಡಿಸಿದರೂ ತೀರ್ಪು ಹೇಳುವ ಜೂರಿಯವರು ನಿಮ್ಮ ಮಾತನ್ನು ಕೊಂಡು ತಂದದ್ದು ಅಂದುಕೊಳ್ಳುತ್ತಾರೆ ಅಂದರು. ಹೆದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊರಡುವಾಗ ಕಿತ್ತಳೆಯ ನಾಲ್ಕು ತೊಳೆ ಕೈಗಿಟ್ಟರು, ದಾರಿ ದೂರವಿದೆ ಎಂದು.

ನಾನು ವಕೀಲರನ್ನು ನೋಡಲಿಲ್ಲ. ಅಂಕಲ್ ಮನೆಗೆ ಹೋದೆ. "ಇಂಗ್ಲಿಷ್ ಕರೆಕ್ಟ್ ಮಾಡಿದೆ ಅನ್ನಿ ಸಾರ್. ಅದೇನೂ ಪೂರ್ತಿ ಸುಳ್ಳಲ್ಲವಲ್ಲ" ಅಂದರು. ಗ್ರೀನ್ ಕಾರ್ಡ್ ಹೋದರೆ ಮಕ್ಕಳ ಗತಿಯೇನು ಎಂದು ಹೆಂಡತಿ ಕೇಳಿದಳು. ಕೇಳಬಾರದ ಪ್ರಶ್ನೆಯೇನಲ್ಲ. ನನಗೆ ಅಂಥದ್ದೊಂದು ಪ್ರಶ್ನೆ ಬೇಕಾಗಿತ್ತು.

ವಿಚಾರಣೆಯ ದಿನ ಸಾಕ್ಷಿಗಳು ಒಬ್ಬರ ಮಾತನ್ನೊಬ್ಬರು ಕೇಳಬಾರದೆಂದು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ತಂಗಿ ಎರಡು ಗಂಟೆ ಕಟಕಟೆಯಲ್ಲಿದ್ದಳು. ಏನು ಹೇಳಿದಳೆಂದು ನನಗೆ ತಿಳಿಯುವಂತಿರಲಿಲ್ಲ. ನನ್ನ ಸರದಿ ಬಂತು, ಒಳಗೆ ಹೋಗಿ ಕೈ ಎತ್ತಿ ಪ್ರಮಾಣ ಮಾಡಿದೆ. ತಂಗಿ ಹಿಂದಿನ ಸಾಲಿನಲ್ಲಿ, ಸಹಾಯಕ್ಕೆ ಬಂದ ಹೆಂಗಸಿನ ಪಕ್ಕ ಕೂತಿದ್ದಳು. ನನ್ನನ್ನು ನೋಡಲಿಲ್ಲ, ತನ್ನ ಮಣಿಕಟ್ಟು ನೋಡಿಕೊಳ್ಳುತ್ತಿದ್ದಳು. ಅಕ್ಕೋರು ಎದ್ದು ಬಂದರು. ಆ ದಿನ ಅವರ ಕೈಯಲ್ಲಿ ಒಂದೇ ಬ್ಯಾಂಡು.

ಕಾಗದ ತೋರಿಸಿ ಇದನ್ನು ಟೈಪ್ ಮಾಡಿದವರು ಯಾರು ಎಂದು ಕೇಳಿದರು. ನಾನು ಅಂದೆ. ಇದರಲ್ಲಿ ಮೆಟ್ಟಿಲು ಎಂಬ ಮಾತಿದೆ, ಆ ಮಾತು ಯಾರದು ಎಂದು ಕೇಳಿದರು. ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗನಿಗೆ ಅಕ್ಕೋರು ಕೊಡುವಷ್ಟು ಹೊತ್ತು ಕೊಟ್ಟರು.

"ಅವಳದೇ. ನಾನು ಇಂಗ್ಲಿಷ್ ಸರಿಮಾಡಿದೆ ಅಷ್ಟೆ" ಅಂದೆ.

ಜೂರಿಯಲ್ಲಿ ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಹಿಂದಿನ ಸಾಲಿನತ್ತ ನೋಡಿದಳು. ಯಾಕೆಂದು ಆಗ ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಅರ್ಧ ಗಂಟೆಯ ಹಿಂದೆ ಅದೇ ಕುರ್ಚಿಯಲ್ಲಿ ಕೂತು ತಂಗಿ, ಇಡೀ ಕಾಗದ ಅಣ್ಣ ಬರೆದದ್ದು, ನಾನು ಸಹಿ ಮಾತ್ರ ಹಾಕಿದೆ ಎಂದು ಹೇಳಿದ್ದಳು. ಒಂದು ಸುಳ್ಳಿನವಳಾಗಿದ್ದವಳನ್ನು ನಾನು ಎರಡು ಸುಳ್ಳಿನವಳನ್ನಾಗಿ ಮಾಡಿದ್ದೆ. ಅಕ್ಕೋರು ಇನ್ನೂ ಎರಡು ಪ್ರಶ್ನೆ ಕೇಳಿದರು, ಆ ಮನೆಗೆ ಮೆಟ್ಟಿಲಿಲ್ಲ ಎಂದು ನನ್ನ ಬಾಯಿಂದಲೇ ಹೇಳಿಸಿದರು. ಅದರಿಂದ ಏನೂ ಆಗಲಿಲ್ಲ. ಮೆಟ್ಟಿಲು ಅವಳದೇ ಸುಳ್ಳು ಎಂದಾಯಿತು.

ಮರುದಿನ ಮಧ್ಯಾಹ್ನ ಅವನು ನಿರ್ದೋಷಿ ಎಂದು ಜೂರಿ ಹೇಳಿತು. ಅಂಕಲ್ ಅವನ ಕೈಕುಲುಕಿದರು. ಹೊರಗೆ ಅಕ್ಕೋರು ಬೆಂಚಿನ ಮೇಲೆ ಫೈಲು ಇಟ್ಟು, ಹಾಳೆಗಳ ಅಂಚು ಸರಿಮಾಡಿ, ಮಣಿಕಟ್ಟಿನ ಬ್ಯಾಂಡು ತೆಗೆದು ಹಾಕಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅಣ್ಣ ಅನ್ನಲಿಲ್ಲ. ಮನೆತನದ ಹೆಸರು ಹಿಡಿದು ಮಿಸ್ಟರ್ ಎಂದು ಕರೆದು, ಈ ಹೊತ್ತಿನಲ್ಲಿ ಫ್ರೀವೇ ಕೆಟ್ಟದಾಗಿರುತ್ತದೆ, ಜೋಪಾನವಾಗಿ ಹೋಗಿ ಅಂದರು. ತಂಗಿ ಅವರ ಹಿಂದೆ ನಡೆದು ಹೋದಳು.

ನನ್ನ ಮೇಲೆ ಕೇಸ್ ಹಾಕುತ್ತಾರೆಂದು ಒಂದು ವರ್ಷ ಅಂಚೆ ಡಬ್ಬಿ ತೆರೆಯಲು ಹೆದರಿದೆ. ಹಾಕಲಿಲ್ಲ. ಯಾಕೆ ಹಾಕಲಿಲ್ಲವೆಂದು ಇವತ್ತಿಗೂ ತಿಳಿಯದು. ಗ್ರೀನ್ ಕಾರ್ಡ್ ಬಂತು. ಮನೆಯಲ್ಲಿ ಪೂಜೆ ಮಾಡಿಸಿದೆವು. ತಂಗಿಯ ಗಂಡ ವಿಚ್ಛೇದನ ಕೊಟ್ಟು ಟೆಕ್ಸಸ್ಸಿಗೆ ಹೋದ, ಮತ್ತೆ ಮದುವೆಯಾದ. ವೀಸಾ ಕಳೆದುಕೊಂಡ ತಂಗಿಗೆ ಉಳಿದ ದಾರಿ ಊರಿಗೆ ಮರಳುವುದು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಆಗ ಅಕ್ಕೋರು, ಅಪರಾಧಕ್ಕೆ ಸಿಕ್ಕವರನ್ನು ಈ ದೇಶದಲ್ಲೇ ಉಳಿಸುವ ಕಾನೂನಿನ ಕೆಳಗೆ, ಒಂದು ಕಾಗದ ಬರೆದರು. ಈಕೆ ಅಪರಾಧಕ್ಕೆ ಬಲಿಯಾದವಳು, ತನಿಖೆಗೂ ವಿಚಾರಣೆಗೂ ನೆರವಾದಳು, ಸತ್ಯ ನುಡಿದಳೆಂದು ನಾನು ನಂಬಿದ್ದೇನೆ. ಸೋತ ಕೇಸಿಗೆ ಅಂಥ ಕಾಗದ ಕೊಡಿಸಲು ಮೇಲಿನವರ ಹತ್ತಿರ ಎಷ್ಟು ತಿಂಗಳು ಅಲೆದರೋ. ಆ ಕಾಗದದ ಮೇಲೆ ತಂಗಿ ಈ ದೇಶದಲ್ಲಿ ನಿಂತಳು. ಸಿಹಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಓದಿದಳು, ಆಮೇಲೆ ಟೊರ್ರಿ ಪೈನ್ಸ್‌ನ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿ ಸ್ಯಾನ್ ಡಿಯಾಗೊಕ್ಕೇ ಬಂದಳು. ನನ್ನ ಮನೆಯಿಂದ ಹದಿನೈದು ನಿಮಿಷ. ಹಬ್ಬಕ್ಕೆ ಬರುತ್ತಾಳೆ, ನನ್ನ ಮಕ್ಕಳ ಇಂಗ್ಲಿಷಿಗೆ ಕನ್ನಡದಲ್ಲೇ ಉತ್ತರಿಸುತ್ತಾಳೆ. ಒಂದೇ ಒಂದು ಸಲ ಬಿಟ್ಟರೆ ಕೇಸಿನ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಎರಡು ಸಾವಿರದ ಎಂಟರಲ್ಲಿ ಅಕ್ಕೋರು ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್, ಕೊನೆಯ ತಿಂಗಳವರೆಗೆ ಕೋರ್ಟಿಗೆ ಹೋಗುತ್ತಿದ್ದರಂತೆ. ತಂಗಿ ಫೋನ್ ಮಾಡಿ, ಸ್ಮರಣೆಯ ಸಭೆಗೆ ಹೋಗಬೇಕು, ತನ್ನ ಕಾರು ರಿಪೇರಿಗಿದೆ, ಬಿಟ್ಟು ಬರುತ್ತೀಯಾ ಎಂದು ಕೇಳಿದಳು. ಹೋದೆವು. ಚಿಕ್ಕ ಚರ್ಚು, ಜನ ಹೆಚ್ಚಿರಲಿಲ್ಲ. ಎದುರಾಳಿ ವಕೀಲರೂ ಬಂದಿದ್ದರು, ಅಂದು ತಂಗಿಯ ಗಂಡನನ್ನು ಬಿಡಿಸಿಕೊಂಡವರು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕೊನೆಯ ಸಾಲಿನಲ್ಲಿ ಕೂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ.

ಪಾರ್ಕಿಂಗಿನಲ್ಲಿ ಕಾರು ಹತ್ತಿದ ಮೇಲೆ ತಂಗಿ ಸೀಟ್‌ಬೆಲ್ಟ್ ಹಾಕಿಕೊಳ್ಳದೆ ಕೂತಳು. ಎದುರಿನ ಗಾಜು ನೋಡುತ್ತಲೇ ಹೇಳಿದಳು:

"ನಾ ಅಕ್ಕೋರಿಗೆ ಹೇಳಿದ್ನಿ, ಅಣ್ಣನ್ನ ಕರಿಬ್ಯಾಡ್ರಿ ಅಂತ. ಅಂವ ಹೇಳಾಂಗಿಲ್ಲ, ಆಮ್ಯಾಲ ನನಗ ಅಣ್ಣನೂ ಇರಾಂಗಿಲ್ಲ ಅಂದ್ನಿ. ಅವರು ಕೇಳಲಿಲ್ಲ. ಕಾಗದ ಕೊಡಾಕ ಬಂದಾಗ ಅವನ ಮಾರಿ ನೋಡೀನಿ, ಅಂವ ಹೇಳ್ತಾನ ಅಂದ್ರು."

ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು ಸರಿಯಾಗಿ ಹೇಳಿದ್ದಳು. ನಾಲ್ಕು ಸಲ ಕಂಡವರು ನಂಬಿದ್ದರು. ಐದು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು. ಆ ಮೆಟ್ಟಿಲು ನಂದು, ಅಂದೆ.

ತಂಗಿ ಬೆಲ್ಟ್ ಎಳೆದು ಹಾಕಿಕೊಂಡಳು.

"ನನಗ್ಯಾಕ ಹೇಳ್ತಿ ಅಣ್ಣಾ? ಕೇಳಿದವರು ಹೋದ್ರು."